ಹುಲುಗಪ್ಪ ಮಗಳಿಗೆಂದು ತಂಪು ಕಾಯ್ದದ್ದು

"ಎಸಿ ಹಾಕ್ರಿ."

ಅಂಬಮ್ಮ ಗಂಡನಿಗೆ ಹೇಳಿದ ಕಡೀ ಮಾತು ಇದು. ಕಾರಟಗಿಯಿಂದ ಗಂಗಾವತಿ ಆಸ್ಪತ್ರೆಗೆ ಹೋಗುವ ದಾರಿ. ಯುಗಾದಿ ಹತ್ತಿರದ ಬಿಸಿಲು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಳು. ಹುಲುಗಪ್ಪ ಗುಂಡಿ ಒತ್ತಿದ. ಗಾಳಿ ಬಂತು. ಒಲೆ ಮುಂದೆ ಕೂತರೆ ಮುಖಕ್ಕೆ ಬಡಿಯುತ್ತದಲ್ಲ, ಅಂಥ ಗಾಳಿ.

ಆಸ್ಪತ್ರೆಯವರು ಒಳಗೆ ಕರಕೊಂಡು ಹೋದರು. ಹೊರಗೆ ತಂದು ಕೊಟ್ಟರು. ಮಣ್ಣೂ ಆಯಿತು.

ಮೂರನೇ ದಿನದ ಕಾರ್ಯ ಮುಗಿಸಿ, ಬಂದ ಬೀಗರನ್ನು ಬಸ್ ಸ್ಟ್ಯಾಂಡಿಗೆ ಬಿಡಬೇಕು. ಕಾರು ಚಾಲು ಆಗಲಿಲ್ಲ. ನೋಡಿದರೆ ಕೀಲಿ ಅರ್ಧ ತಿರುವಿದ್ದು ತಿರುವಿದಂತೆಯೇ ಇದೆ. ಎಸಿ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇದೆ. ಬ್ಯಾಟರಿ ಬರಿದು.

"ಎಸಿ ಆರಿಸಿಲ್ಲೇನೋ?" ಅಂದಳು ತಾಯಿ ತಿಪ್ಪವ್ವ.

"ಇಲ್ಲವ್ವ."

"ಯಾಕೋ?"

"ಆಕಿ ಹಾಕ್ರಿ ಅಂದ್ಲು. ಆರಸ್ರಿ ಅನ್ನಲಿಲ್ಲ."

ತಿಪ್ಪವ್ವ ಬೈಯಲು ಬಾಯಿ ತೆರೆದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಹುಲುಗಪ್ಪ ಹುಟ್ಟಾ ಹಂಗೇ. ಸಣ್ಣವನಿದ್ದಾಗ ತಿಪ್ಪವ್ವ, "ಒಲಿ ಮ್ಯಾಲ ಹಾಲೈತಿ, ನೋಡ್ಕೊಂತ ಕೂಡು," ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಒಲೆಯೆಲ್ಲ ಹಾಲು.

"ಹಾಲು ಉಕ್ಕಿ ಹೋಗ್ಯಾವಲ್ಲೋ!"

"ಹೌದವ್ವ. ನೋಡಿದೆ."

ಅಂಥ ಮಗನನ್ನು ಕಟ್ಟಿಕೊಂಡು ತಿಪ್ಪವ್ವ ಬೈದು ಬೈದು ಸುಸ್ತಾದಳು. ಆಮೇಲೆ ಅಂಬಮ್ಮ ಸೊಸೆಯಾಗಿ ಬಂದಳು. ಅವಳು ಬೈಯಲಿಲ್ಲ. ಅವನಿಗೆ ಹೇಳುವ ಬಗೆ ಕಂಡುಕೊಂಡಳು. ಹಾಲು ನೋಡ್ರಿ, ಉಕ್ಕಿದ ಕೂಡಲೇ ಇಳಸ್ರಿ, ಇಳಸಿ ಒಲಿ ಆರಸ್ರಿ, ಆರಸಿ ನನ್ನ ಕರೀರಿ. ಹೀಗೆ ತಲೆ ಹೇಳಿದರೆ ಬಾಲವನ್ನೂ ಜೋಡಿಸಿ ಹೇಳುವಳು. ಗಂಡನನ್ನು ಕಾರು ಕಲಿಯಲು ಕಳಿಸಿದವಳೂ ಅವಳೇ. ಅದರಲ್ಲಿ ಮಾತ್ರ ಅವನು ಎಂದೂ ತಪ್ಪಲಿಲ್ಲ. ನಿಧಾನ ಹೋಗಿ ಅಂತ ಬೋರ್ಡ್ ಇದ್ದರೆ ನಿಧಾನ ಹೋಗುವವನು. ಮುಂದೆ ತಿರುವು ಅಂತ ಇದ್ದರೆ ತಿರುಗುವವನು. ಒಂದು ಹಳೇ ಬಿಳೀ ಕಾರು ಕೊಂಡರು. ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ ಊರವರೆಲ್ಲ ಅವನನ್ನೇ ಕರೆದರು. ಸಂಸಾರ ನಡೆಯಿತು. ಶಶಿಕಲಾ ಹುಟ್ಟಿದಳು, ಬೆಳೆದಳು, ಸಿರುಗುಪ್ಪಕ್ಕೆ ಮದುವೆಯಾಗಿ ಹೋದಳು.

ಈಗ ಅಂಬಮ್ಮ ಇಲ್ಲ. ಬೈಯುವ ಕೆಲಸ ಮತ್ತೆ ತಿಪ್ಪವ್ವನ ಪಾಲಿಗೆ ಬಂತು. ಅವಳಿಗೆ ಬಾಲ ಜೋಡಿಸಿ ಹೇಳುವುದು ಗೊತ್ತಿರಲಿಲ್ಲ.

ಶಶಿ ಬಸುರಿ. ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಆದರೆ ಬೀಗತಿ ಶರಣಮ್ಮ ಫೋನ್ ಮಾಡಿ ಹೇಳಿಬಿಟ್ಟಳು.

"ನೋಡ್ರಿ ಯಕ್ಕಾ, ಅಂಬಮ್ಮಾರು ಇದ್ದಿದ್ರ ಮಾತು ಬ್ಯಾರೆ ಇತ್ತು. ತುಂಬಿದ ಬಸರಿ. ಈ ಬಿಸಲಾಗ ಆ ಬೆಂಕಿ ಡಬ್ಬಿಯೊಳಗ ನಾ ಕಳಸಂಗಿಲ್ಲ. ಕಾರು ತಂಪಾತು ಅಂದ್ರ ಬರ್ರಿ. ಅಮಾಸಿ ಒಳಗ ಬರ್ರಿ. ಅಮಾಸಿ ದಾಟಿದ್ರ ಒಂಬತ್ತರಾಗ ಬೀಳತೈತಿ. ಆಮ್ಯಾಲ ಹೊಸಲು ದಾಟಸಂಗಿಲ್ಲ. ಬಾಣಂತನ ನಾವೇ ಮಾಡ್ತೀವಿ."

ಬಾಡಿಗೆ ಕಾರಿನಲ್ಲಿ ತರೋಣ ಅಂತ ಪಕ್ಕದ ಮನೆಯವರು ಅಂದರು. ತಿಪ್ಪವ್ವ ಒಪ್ಪಲಿಲ್ಲ. "ಮನಿ ಮುಂದ ಕಾರು ನಿಂತೈತಿ. ಚೊಚ್ಚಲ ಮಗಳನ್ನ ಮಂದಿ ಗಾಡ್ಯಾಗ ತರಬೇಕೇನು? ಅವರವ್ವ ಇದ್ದಿದ್ರ ತರ್ತಿದ್ಲೇನು?"

ಹುಲುಗಪ್ಪ ಅಟ್ಟದಿಂದ ತೊಟ್ಟಿಲು ಇಳಿಸಿದ. ಒರೆಸಿದ. ನಡುಮನೆಯಲ್ಲಿ ಇಟ್ಟು ಅದರ ಮುಂದೆ ಕೂತ.

"ಶಶಿ ಬರ್ತಾಳಲ್ಲವ್ವ?"

"ಕಾರು ತಂಪಾದ್ರ ಬರ್ತಾಳ."

"ತಂಪು ಮಾಡ್ತೀನಿ," ಅಂತ ಎದ್ದ.

ಸಿಂಧನೂರು ರಸ್ತೆಯಲ್ಲಿ ಅಕ್ಕಿ ಮಿಲ್ಲಿನ ಪಕ್ಕ ಖಾಸೀಮಣ್ಣನ ಶೆಡ್ಡು. ಎಸಿ ಕೆಲಸ ಅಲ್ಲೇ. ಖಾಸೀಮಣ್ಣ ಒಂದು ಟ್ರ್ಯಾಕ್ಟರಿನ ಅಡಿ ಮಲಗಿದ್ದ. ಕಾಲು ಮಾತ್ರ ಕಾಣುತ್ತಿದ್ದವು. ಹುಲುಗಪ್ಪ ಕಾಲಿಗೇ ಹೇಳಿದ.

"ಖಾಸೀಮಣ್ಣ, ಎಸಿ ಹಾಕಿದ್ರ ಬಿಸಿ ಬರತೈತಿ."

"ಈ ಊರಾಗ ಭತ್ತದ ಹೊಟ್ಟು ಎಲ್ಲಿ ಕೂಡಂಗಿಲ್ಲ? ಹೊಟ್ಟು ಕಟ್ಟಿರಬೇಕು," ಅಂದವು ಕಾಲುಗಳು. "ಗಾಳಿ ಬರೋ ಕಡೆ ನೀರು ಹೊಡದು ತೊಳಿ. ಆಮ್ಯಾಲ ಬಾ."

ಹುಲುಗಪ್ಪ ಮನೆಗೆ ಬಂದ. ಗಾಳಿ ಎಲ್ಲಿ ಬರುತ್ತದೆ ಅಂತ ಎಸಿ ಹಾಕಿ ನೋಡಿದ. ಮುಖದ ಮುಂದೆ ನಾಲ್ಕು ಕಿಂಡಿ. ನಾಲ್ಕರಲ್ಲೂ ಗಾಳಿ. ಕೊಡ ತಂದ. ಒಂದೊಂದು ಕಿಂಡಿಗೆ ಒಂದೊಂದು ಕೊಡ ನೀರು ಹೊಯ್ದ. ಹಾಡಿನ ಟೇಪು ಗೊಳಗೊಳ ಅಂತು. ಸೀಟಿನ ಕೆಳಗೆ ಕೆರೆ ಆಯಿತು.

"ಏನ್ ಮಾಡಾಕತ್ತೀಯೋ?" ಅಂತ ಓಡಿ ಬಂದಳು ತಿಪ್ಪವ್ವ.

"ಗಾಳಿ ಬರೋ ಕಡೆ ತೊಳ್ಯಾಕತ್ತೀನವ್ವ."

ಕಾರನ್ನು ನೂಕಿಕೊಂಡೇ ಶೆಡ್ಡಿಗೆ ತಂದರು. ಖಾಸೀಮಣ್ಣ ಬಾಗಿಲು ತೆಗೆದ. ಅವನ ಪಾದದ ಮೇಲೆ ನೀರು ಬಂತು.

"ಲೇ ಹುಲುಗ, ನಾ ಹೇಳಿದ್ದು ಮುಂದ. ಬಂಪರಿನ ಹಿಂದ ಜಾಳಿಗಿ ಐತಲ್ಲ, ಅಲ್ಲಿ. ಹೊರಗಿನ ಗಾಳಿ ಬರೋ ಕಡೆ."

"ಒಳಗೂ ಬರತೈತಲ್ಲಣ್ಣ."

ಖಾಸೀಮಣ್ಣ ಸೀಟು ಬಿಚ್ಚಿ ಬಿಸಿಲಿಗೆ ಹಾಕಿದ. ವಯರು ಒಣಗಿಸಿದ. ಮುಂದಿನ ಜಾಳಿಗೆ ತಾನೇ ತೊಳೆದ. ಬುಟ್ಟಿ ಹೊಟ್ಟು ಬಂತು.

"ಇನ್ನ ಮ್ಯಾಲ ಈ ಕಾರಿನ್ಯಾಗ ಒಂದು ಹನಿ ನೀರು ಕಂಡ್ರೂ ಬಿಡಬ್ಯಾಡ. ಎಲ್ಲಿಂದ ಬರಾಕತ್ತೈತಿ ನೋಡು. ಅಲ್ಲೇ ಬಂದ್ ಮಾಡು. ತಿಳೀತಾ?"

"ತಿಳೀತು."

ಮಾರನೇ ದಿನ ತಿಪ್ಪವ್ವ ಬಾಣಂತಿಗೆ ಬೇಕಾದ ಸಾಮಾನು ತರಲು ಹೊರಟಳು. ಕೊಬ್ಬರಿ, ಅಂಟು, ಎಳ್ಳೆಣ್ಣೆ, ಒಂದು ಪೆಂಟಿ ಬೆಲ್ಲ. ಎಸಿ ಹಾಕಿಕೊಂಡೇ ಹೋದರು, ಪರೀಕ್ಷೆಗೆ. ಗಾಳಿ ಬಿಸಿಯೇ ಬಂತು. ಅಂಗಡಿ ಮುಂದೆ ತಿಪ್ಪವ್ವ ಇಳಿದು ಹೋದಳು. ಹುಲುಗಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ. ಕಾರಿನ ಅಡಿಗೆ ತೊಟ್ ತೊಟ್ ಅಂತ ನೀರು.

ಬಗ್ಗಿ ನೋಡಿದ. ಒಂದು ಸಣ್ಣ ರಬ್ಬರ್ ನಳಿಗೆ. ಅದರ ತುದಿಯಿಂದ ಹನಿ. ದಾರಿ ಮೇಲೆ ಮೆಕ್ಕೆಜೋಳದ ಬೆಂಡು ಬಿದ್ದಿತ್ತು. ಮುರಿದು ನಳಿಗೆಯ ಬಾಯಿಗೆ ಗಿಡಿದ. ಹನಿ ನಿಂತಿತು. ಕೈ ಒರೆಸಿಕೊಂಡ.

ತಿಪ್ಪವ್ವ ಸಾಮಾನು ಕಾಲ ಹತ್ತಿರ ಇಟ್ಟುಕೊಂಡು ಮುಂದೆ ಕೂತಳು. ಸ್ವಲ್ಪ ದೂರ ಬಂದರು.

"ಹುಲುಗಾ, ಕಾಲಿಗೆ ತಣ್ಣಗ ಹತ್ತಾಕತ್ತೈತಲ್ಲೋ."

"ತಂಪು ಬಂತೇನವ್ವ?" ಅಂತ ಹಿಗ್ಗಿದ.

ತಂಪಲ್ಲ, ನೀರು. ಹೋಗಲಿಕ್ಕೆ ದಾರಿಯಿಲ್ಲದೆ ಒಳಗೇ ಇಳಿದಿತ್ತು. ಸೀರೆ ಒದ್ದೆ. ಕೊಬ್ಬರಿ ಒದ್ದೆ. ಬೆಲ್ಲದ ಪೆಂಟಿ ಕರಗಿ ಪಾನಕ.

"ಬಾಣಂತಿ ಬೆಲ್ಲ ಕಾರಿಗೆ ಕುಡಿಸಿದ್ಯಲ್ಲೋ ನನ ಮಗನ!"

"ಒಂದು ಹನಿ ಕಂಡ್ರೂ ಬಂದ್ ಮಾಡು ಅಂದ್ರವ್ವ. ಮಾಡಿದೆ."

ಮತ್ತೆ ಶೆಡ್ಡು. ಮತ್ತೆ ಸೀಟು ಬಿಸಿಲಿಗೆ. ಬೆಲ್ಲದ ವಾಸನೆಗೆ ಇರುವೆ ಸಾಲು ಹಿಡಿದು ಬಂದವು. ಖಾಸೀಮಣ್ಣ ನಳಿಗೆಯಿಂದ ಬೆಂಡು ಕಿತ್ತು ತೋರಿಸಿದ.

"ಇದು ತಂಪಿನ ಯಂತ್ರ ಬೆವತ ನೀರೋ ಮಾರಾಯ. ಹೊರಗ ಬರಬೇಕು. ನೀ ಉಚ್ಚಿ ತಡಕೊಂಡ್ರ ಹೆಂಗಾಗತೈತಿ? ಹಂಗ ಇದೂ. ಹೊರಗ ಬರೋದನ್ನ ತಡೀಬ್ಯಾಡ. ಬರಾಕ ಬಿಡು."

"ಆತಣ್ಣ," ಅಂದ ಹುಲುಗಪ್ಪ. "ತಂಪಿಗೆ ಬೆವತತಿ ಅಂದ್ರ ಒಳಗ ತಂಪು ಹುಟ್ಟೇತಿ. ಹುಟ್ಟಿದ್ರ ಗಾಳಿ ಯಾಕ ಬಿಸಿ ಬರತೈತಿ?"

ಖಾಸೀಮಣ್ಣ ತಲೆ ಕೆರೆದ. "ಗ್ಯಾಸ್ ಕಮ್ಮಿ ಇರಬೇಕು ಬಿಡು," ಅಂದ.

ಗ್ಯಾಸ್ ತುಂಬಿದ. ತುಂಬಿ, ಸಿಲಿಂಡರಿನ ನಳಿಗೆ ಬಿಚ್ಚುವಷ್ಟರಲ್ಲಿ ನಮಾಜಿನ ಕೂಗು ಬಂತು. "ಇಲ್ಲೇ ಕುಂತು ಕಾರು ನೋಡ್ಕೊ, ಬಂದೆ," ಅಂತ ಮಸೀದಿಗೆ ಹೋದ.

ಹುಲುಗಪ್ಪ ಕೂತ. ಕಾರಿನ ಬಾಯಿ ತೆರೆದಿತ್ತು. ಒಳಗೊಂದು ಕಡೆ ಸುಯ್ಯ್ ಅಂತ ಸದ್ದು ಎದ್ದಿತು. ಬಗ್ಗಿ ಕೈ ಹಿಡಿದ. ಬೆರಳಿಗೆ ತಣ್ಣಗೆ ಏನೋ ಹೊರಗೆ ಬರುತ್ತಿತ್ತು. ಹೊರಗೆ ಬರುವುದು. ತಡೆಯಬಾರದು. ಕೈ ತೆಗೆದು ಪಕ್ಕಕ್ಕೆ ಕೂತ. ಸುಯ್ಯ್ ಅಂತಲೇ ಇತ್ತು. ಆಮೇಲೆ ಸುಮ್ಮನಾಯಿತು.

ಖಾಸೀಮಣ್ಣ ಬಂದ. ಮೀಟರು ಹಚ್ಚಿದ. ಮುಳ್ಳು ಅಲ್ಲಾಡಲಿಲ್ಲ.

"ಗ್ಯಾಸ್ ಎಲ್ಲಿ ಹೋತೋ?"

"ಹೊರಗ ಬಂತಣ್ಣ."

"ನೀ ಏನ್ ಮಾಡಿದಿ?"

"ಬರಾಕ ಬಿಟ್ಟೆ."

ಖಾಸೀಮಣ್ಣ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ನಮಾಜ್ ಮುಗಿಸಿ ಬಂದ ಬಾಯಿ, ಕೆಟ್ಟದ್ದು ಆಡಬಾರದು ಅಂತ ತಡೆದುಕೊಂಡ. "ನೀರು ಬರಬೇಕಲೇ. ಗ್ಯಾಸ್ ಬರಬಾರದು. ಗ್ಯಾಸ್ ತುಂಬೋ ಈ ವಾಲು ಸೋರಾಕತ್ತೈತಿ. ಇನ್ನೂ ಎಲ್ಲೆಲ್ಲಿ ಸೋರತೈತೋ. ನಾಳಿ ತುಂಬೂಣು. ಅಷ್ಟರಾಗ ನೀ ಒಂದು ಕೆಲಸ ಮಾಡು. ಸಾಬೂನಿನ ನೊರಿ ಹಚ್ಚು. ಎಲ್ಲಿ ಗುಳ್ಳಿ ಏಳತೈತಿ ಅಲ್ಲಿ ಸೋರತೈತಿ ಅಂತ ಅರ್ಥ. ಅಲ್ಲಿ ಈ ಮೇಣ ಮೆತ್ತು." ಒಂದು ಉಂಡೆ ಮೇಣ ಕೊಟ್ಟು ಕಳಿಸಿದ.

ಮರುದಿನ ಹುಲುಗಪ್ಪ ಸಾಬೂನು ಕದಡಿಕೊಂಡು ಕೂತ. ಎಲ್ಲಿ ಹಚ್ಚಬೇಕು ಅಂತ ಖಾಸೀಮಣ್ಣ ಹೇಳಿರಲಿಲ್ಲ. ಮೂಗಿನಿಂದ ಹಿಡಿದು ಬಾಲದ ತನಕ ಹಚ್ಚಿದ. ಬಾನೆಟ್ ಮೇಲೆ ಗುಳ್ಳೆ. ಮೆತ್ತಿದ. ಹಾರನ್ನಿಗೆ ಗುಳ್ಳೆ. ಮೆತ್ತಿದ. ಪೆಟ್ರೋಲ್ ಮುಚ್ಚಳಕ್ಕೆ, ಕೀಲಿ ತೂತಿಗೆ, ಲೈಟಿನ ಸಂದಿಗೆ, ಎಲ್ಲೆಲ್ಲಿ ಗುಳ್ಳೆ ಅಲ್ಲೆಲ್ಲ ಮೆತ್ತಿದ. ಇಷ್ಟು ತೂತಿದ್ದ ಕಾರು ಇಷ್ಟು ದಿನ ಹೆಂಗ ಓಡಿತು ಅಂತ ಅವನಿಗೇ ಆಶ್ಚರ್ಯ.

ಒಳಗೆ ತಿಪ್ಪವ್ವ ತಲೆಗೆ ಎರಕೊಳ್ಳುತ್ತಿದ್ದಳು. ಸೀಗೆಕಾಯಿ ಹಚ್ಚಿ ತಿಕ್ಕಿ, ಹುಯ್ಯಲು ನೋಡಿದರೆ ಕೊಡವಿಲ್ಲ. ಮಗ ಒಯ್ದಿದ್ದಾನೆ. ಕಣ್ಣು ಮುಚ್ಚಿಕೊಂಡೇ ಬಾಗಿಲಿಗೆ ಬಂದಳು.

"ಕೊಡ ಎಲ್ಲಿಟ್ಟೀಯೋ?"

ಹುಲುಗಪ್ಪ ತಾಯಿಯ ತಲೆ ಮೇಲಿನ ಗುಳ್ಳೆ ನೋಡಿದ. ಕೈಯಲ್ಲಿದ್ದ ಮೇಣ ನೋಡಿದ.

"ಯವ್ವಾ, ನಿನ್ನ ತಲಿನೂ ಸೋರಾಕತ್ತೈತಿ."

"ಹತ್ರ ಬಂದಿ ಅಂದ್ರ ಕೈ ಮುರಿತೀನಿ ನೋಡು."

ಅಮಾಸಿ ಹತ್ತಿರ ಬಂದಿತ್ತು. ತಿಪ್ಪವ್ವ ತಾನೇ ಶೆಡ್ಡಿಗೆ ನಡೆದು ಹೋಗಿ ಖಾಸೀಮಣ್ಣನನ್ನು ಮನೆಗೆ ಕರಕೊಂಡು ಬಂದಳು. ಗ್ಯಾಸಿನ ಸಿಲಿಂಡರನ್ನು ಸೈಕಲ್ ಮೇಲೆ ಕಟ್ಟಿಕೊಂಡು ಬಂದ. ಬಂದವನು ಕಾರು ನೋಡಿ ನಿಂತ. ಬಿಳೀ ಕಾರಿಗೆ ಮೈತುಂಬ ಸಿಡುಬು ಎದ್ದಂತೆ ಮೇಣದ ಗುಪ್ಪೆ.

"ಎಪ್ಪಾ, ಇವನಿಗೆ ಬುದ್ಧಿ ಹೇಳಪಾ. ನನ್ನ ಕೈಲಿ ಆಗವಲ್ದು," ಅಂದಳು ತಿಪ್ಪವ್ವ.

"ಹೇಳಿ ಹೇಳೇ ಇಲ್ಲಿಗೆ ಬಂದೈತಿ ಯವ್ವಾ," ಅಂದ ಅವನು.

ದಬ್ಬಳ ತಗೊಂಡು ಕೀಲಿ ತೂತಿನ ಮೇಣ ಕೆದಕಿದ. ವಾಲು ಬದಲಿಸಿ ಗ್ಯಾಸ್ ತುಂಬಿದ. ಕಾರು ಚಾಲು ಮಾಡಿ, ಈ ಸಲ ಹುಲುಗಪ್ಪನನ್ನು ಪಕ್ಕಕ್ಕೆ ಕೂಡಿಸಿ ತಾನೇ ಡ್ರೈವರ್ ಸೀಟಿನಲ್ಲಿ ಕೂತ. ಎಸಿ ಹಾಕಿದ. ಬಿಸಿ ಗಾಳಿ.

ಖಾಸೀಮಣ್ಣನ ಕಣ್ಣು ಒಂದು ದುಂಡನೆ ತಿರುವುವ ಗುಂಡಿ ಮೇಲೆ ಬಿತ್ತು. ಅದರ ಒಂದು ಕಡೆ ನೀಲಿ ಗೆರೆ, ಒಂದು ಕಡೆ ಕೆಂಪು ಗೆರೆ. ಮುಳ್ಳು ಕೆಂಪಿನ ತುದಿಗೆ ನಿಂತಿತ್ತು.

"ಇದನ್ನ ಇಷ್ಟು ದಿನ ನಾನೂ ನೋಡಲಿಲ್ಲ," ಅಂದ. "ಹುಲುಗ, ಇದು ಹೀಟರು. ಇದನ್ನ ಬಿಸಿ ಕಡೆ ಯಾರು ತಿರುವಿದ್ರು?"

"ನಾನು."

"ಯಾವಾಗ?"

"ಚಳಿಗಾಲದಾಗ. ಹುಲಿಗಿ ಅಮ್ಮನ ಗುಡಿಗೆ ಹೋಗಿ ಬೆಳ್ಳಂಬೆಳಿಗ್ಗೆ ಬರೋವಾಗ. ಶಶಿ ಅವ್ವಗ ಥಂಡಿ ಹತ್ತಿತ್ತು. ಬೆಚ್ಚಗ ಮಾಡ್ರಿ ಅಂದ್ಲು. ಮಾಡಿದೆ."

"ಮತ್ತ ಹಿಂದಕ್ಕ ತಿರುವಲಿಲ್ಲ?"

"ಊರು ಬಂದಮ್ಯಾಲ ಹೇಳ್ತೀನಿ, ಆವಾಗ ತಿರುವ್ರಿ ಅಂದಿದ್ಲು. ನಿದ್ದಿ ಹತ್ತಿತ್ತು ಆಕಿಗೆ. ಎತ್ತಿ ಒಳಗ ಮಲಗಿಸಿದೆ."

ಬಾಗಿಲ ಹತ್ತಿರ ನಿಂತಿದ್ದ ತಿಪ್ಪವ್ವ ಕೇಳಿಸಿಕೊಂಡಳು. ಖಾಸೀಮಣ್ಣ ಗುಂಡಿಯನ್ನು ಮೆಲ್ಲಗೆ ನೀಲಿ ಕಡೆಗೆ ತಿರುವಿದ. ಗಾಳಿ ಬೆಚ್ಚಗಾಯಿತು. ಆಮೇಲೆ ತಣ್ಣಗಾಯಿತು. ಆಮೇಲೆ ಕೊರೆಯಿತು.

ಹುಲುಗಪ್ಪ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಮತ್ತೆ ಮುಂದೆ ನೋಡಿದ.

"ಚಲೋ ತಂಪೈತಿ," ಅಂದ.

ತಿಪ್ಪವ್ವನಿಗೆ ಜೀವ ಬಂತು. ಬೀಗತಿಗೆ ಫೋನ್ ಮಾಡಿ, "ಕಾರು ಐಸ್ ಆಗೈತ್ರಿ, ನಾಳಿ ಬರ್ತಾನ," ಅಂದಳು. ಇಷ್ಟು ದಿನ ಓಣಿಯವರು ನಕ್ಕಿದ್ದು ಅವಳ ಎದೆಯಲ್ಲಿ ಚುಚ್ಚಿಕೊಂಡಿತ್ತು. ಮಗನಿಗೆ ಹೇಳಿದಳು, "ಹೋಗು, ನಮ್ಮನ್ನ ನೋಡಿ ನಕ್ಕೋರಿಗೆಲ್ಲ ತೋರಿಸಿ ಬಾ. ಒಬ್ಬರನ್ನೂ ಬಿಡಬ್ಯಾಡ."

ಹುಲುಗಪ್ಪ ಎಸಿ ಹಾಕಿಕೊಂಡು ಹೊರಟ. ಟೇಲರ್ ಅಂಗಡಿ ಮುಂದೆ ನಿಲ್ಲಿಸಿದ.

"ನೀ ನಕ್ಕಿದ್ದೇನು?"

"ಇಲ್ಲಪಾ ಹುಲುಗಪ್ಪ, ನಾ ಯಾಕ ನಗಲಿ?" ಅಂದ ಟೇಲರು, ಮರ್ಯಾದೆಗೆ.

ಹುಲುಗಪ್ಪ ಬಾಗಿಲು ಹಾಕಿ ಮುಂದೆ ಹೋದ. ಗಿರಣಿಯವಳ ಹತ್ತಿರ ನಿಲ್ಲಿಸಿದ. "ನೀ ನಕ್ಕಿದ್ದೇನು?"

"ಬಿದ್ದು ಬಿದ್ದು ನಕ್ಕೀನಿ," ಅಂದಳು.

"ಹಂಗಾರ ಹತ್ತು." ಕೂಡಿಸಿಕೊಂಡು ಒಂದು ಸುತ್ತು ಹೊಡೆದ. ಅವಳು ಇಳಿದು ಎಲ್ಲರಿಗೂ ಹೇಳಿದಳು. ಆಮೇಲೆ ನೋಡಬೇಕು ಓಣಿಯನ್ನು. ನಾನೂ ನಕ್ಕೀನಿ, ನಾನೂ ನಕ್ಕೀನಿ ಅಂತ ಒಬ್ಬರ ಮೇಲೆ ಒಬ್ಬರು ಬಿದ್ದರು. ಟೇಲರೂ ಓಡಿ ಬಂದ. "ಸುಳ್ಳು ಹೇಳಿದ್ನಪಾ, ನಾನು ಮೊದಲ ದಿನದಿಂದ ನಗಾಕತ್ತೀನಿ." ಒಬ್ಬರು ಇಳಿಯುವುದು, ಇನ್ನೊಬ್ಬರು ಹತ್ತುವುದು. ಬಾಗಿಲು ಬಡಿದಾಗೆಲ್ಲ ಹುಲುಗಪ್ಪ ತೆಗೆದ. ತಂಪೆಲ್ಲ ಓಣಿಗೆ ಹೋಯಿತು. ಕಡೆಗೆ ಪೆಟ್ರೋಲ್ ಮುಗಿದು ಕಾರು ಊರ ಅಗಸಿ ಬಾಗಿಲ ಹತ್ತಿರ ನಿಂತಿತು. ನಕ್ಕವರೆಲ್ಲ ಸೇರಿ ನೂಕಿ ಮನೆಗೆ ತಂದು ಬಿಟ್ಟರು.

"ಶಶಿಗೆ ಅಂತ ಮಾಡಿಸಿದ ತಂಪು ಊರಿಗೆಲ್ಲ ಹಂಚಿ ಬಂದ್ಯಲ್ಲೋ," ಅಂದಳು ತಿಪ್ಪವ್ವ. "ನಾಳಿ ಹಿಂಗ ಮಾಡಿದಿ, ಮುಗೀತು. ನಾಳಿ ಒಂದು, ನಾಡಿದ್ದು ಒಂದು, ಆಮ್ಯಾಲ ಅಮಾಸಿ. ಶಶಿ ಬಂದಂಗ ಆಗಬೇಕೋ ಬ್ಯಾಡೋ?"

"ಆಗಬೇಕವ್ವ."

"ಹಂಗಾರ ಕೇಳು. ಹೊರಟಾಗ ಬಾಗ್ಲು ಹಾಕಿ ಚಿಲಕ ಹಾಕ್ಕೊ. ಯಾರ್ ಬಂದು ಬಡದ್ರೂ ತೆಗೀಬ್ಯಾಡ. ದೇವ್ರು ಬಂದು ಬಡದ್ರೂ ತೆಗೀಬ್ಯಾಡ."

"ತೆಗ್ಯಂಗಿಲ್ಲ."

ಬೆಳಿಗ್ಗೆ ಪೆಟ್ರೋಲ್ ಹಾಕಿಸಿ, ಮುಳ್ಳು ನೀಲಿಯಲ್ಲಿ ಇದೆಯೋ ಇಲ್ಲವೋ ನೋಡಿ, ಬಾಗಿಲಿಗೆಲ್ಲ ಚಿಲಕ ಹಾಕಿಕೊಂಡು ಹುಲುಗಪ್ಪ ಸಿರುಗುಪ್ಪಕ್ಕೆ ಹೋದ. ಹೊರಗೆ ಬೆಂಕಿ ಬಿಸಿಲು. ಒಳಗೆ ಅವನ ಹಲ್ಲು ಕಟಕಟ ಅನ್ನುತ್ತಿದ್ದವು. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಲಿಲ್ಲ. ತಂಪನ್ನು ತುಂಬಿದ ಕೊಡದಂತೆ ತುಳುಕದ ಹಾಗೆ ಒಯ್ದು ಬೀಗರ ಮನೆ ಮುಂದೆ ನಿಲ್ಲಿಸಿದ.

ಶರಣಮ್ಮ ಹೊರಗೆ ಬಂದಳು. ಹಿಂದೆ ಶಶಿ. ಆಗಲೇ ಉಡಿ ತುಂಬಿದ್ದರು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ. ಹೊಟ್ಟೆ ಮುಂದೆ, ಉಡಿ ಅದರ ಮುಂದೆ. ನಿಧಾನ ಮೆಟ್ಟಿಲು ಇಳಿದು ಬಂದು ಕಾರಿನ ಗಾಜು ಬಡಿದಳು.

ಹುಲುಗಪ್ಪನಿಗೆ ಮಗಳನ್ನು ನೋಡಿ ಮುಖ ಅರಳಿತು. ಕೈ ಚಿಲಕದ ತನಕ ಹೋಯಿತು. ಹೋದ ಕೈ ಹಿಂದೆ ಬಂತು.

"ಅಪ್ಪಾ, ತೆಗಿ."

"ತೆಗ್ಯಂಗಿಲ್ಲವ್ವ," ಅಂದ ಗಾಜಿನ ಒಳಗಿಂದ.

"ಯಾಕಪ್ಪಾ?"

"ನಿನಗಂತ ತಂಪು ತಂದೀನಿ. ಬಾಗ್ಲು ತೆಗದ್ರ ಹೋಗತೈತಿ."

ಶಶಿ ಗಾಜಿಗೆ ಮುಖ ಹಚ್ಚಿದಳು. "ನಾನಽ ಹತ್ತಬೇಕಲ್ಲಪ್ಪ."

"ಹೌದವ್ವ. ನಿನಗಽ ಐತಿದು. ಒಂಚೂರೂ ಹೋಗಗೊಟ್ಟಿಲ್ಲ."

ಶರಣಮ್ಮ ಬಂದು ಬಡಿದಳು. "ಬೀಗರಽ, ಇದೇನ್ ಚಾಷ್ಟಿ ಹಚ್ಚೀರಿ? ಹುಡುಗಿ ಬಿಸಲಾಗ ನಿಂತೈತಿ." ಹುಲುಗಪ್ಪ ಅವಳಿಗೆ ಕೈ ಮುಗಿದ. ಬಾಗಿಲು ತೆಗೆಯಲಿಲ್ಲ. ದೇವರು ಬಡಿದರೂ ತೆಗೆಯಬಾರದು ಅಂದ ಮೇಲೆ ಬೀಗತಿ ಬಡಿದರೆ ತೆಗೆದಾನೇ? ಬಡಿದವರ ಕೈ ನೋಯುವ ತನಕ ಕಾದ. ಇನ್ನೂ ನಿಂತರೆ ಬಿಸಿಲಿಗೆ ತಂಪು ಕಮ್ಮಿಯಾದೀತು ಅಂತ ಅಂಜಿಕೆ ಹತ್ತಿತು. ಕಾರು ತಿರುಗಿಸಿದ. ಬಂದ ದಾರಿ ಹಿಡಿದು ಊರಿಗೆ ಬಂದ.

ತಿಪ್ಪವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾರು ಬಂತು. ಬಗ್ಗಿ ನೋಡಿದಳು. ಹಿಂದೆ ಯಾರಿಲ್ಲ. ಗಾಜು ಬಡಿದಳು. ಅವಳಿಗೂ ತೆಗೆಯಲಿಲ್ಲ.

"ಶಶಿ ಎಲ್ಲೋ?"

"ಅವರ ಮನಿ ಮುಂದ ಅದಾಳ."

"ಯಾಕೋ ಹತ್ತಿಸ್ಕೊಂಡು ಬರಲಿಲ್ಲ?"

"ಬಾಗ್ಲು ಬಡದ್ಲವ್ವ."

ತಿಪ್ಪವ್ವ ತಟ್ಟೆ ಕೆಳಗಿಟ್ಟು ಕಟ್ಟೆ ಮೇಲೆ ಕೂತಳು. ನಾಳೆ ಒಂದೇ ದಿನ ಉಳಿದಿತ್ತು. ಬೀಗತಿ ಇನ್ನು ಯಾವ ಮುಖ ನೋಡಿ ಕಳಿಸಿಯಾಳು. ಚೊಚ್ಚಲ ಮಗಳು ತವರು ಕಾಣದೆ ಹಡೆಯುತ್ತಾಳೆ. ತಾಯಿನೂ ಇಲ್ಲ, ತವರೂ ಇಲ್ಲ. ಅಷ್ಟರಲ್ಲಿ ಫೋನ್ ಬಂತು. ಶರಣಮ್ಮ.

ತಿಪ್ಪವ್ವ ಕಿವಿಗೆ ಹಿಡಿದಳು. "ತಪ್ಪಾತ್ರಿ ಯವ್ವಾ. ನಾನಽ ಹೇಳಿದ್ದೆ, ಯಾರ್ ಬಡದ್ರೂ ತೆಗೀಬ್ಯಾಡ ಅಂತ."

ಆ ಕಡೆಯಿಂದ ಬರೀ ನಗು ಬಂತು. ಯಾರೋ ಉಸಿರು ಕಟ್ಟಿ ನಗುತ್ತಿದ್ದರು.

"ಕೇಳ್ರಿ," ಅಂದಳು ಶರಣಮ್ಮ. "ನಿಮ್ಮ ಮೊಮ್ಮಗಳು. ಮಧ್ಯಾಹ್ನದಿಂದ ಹಿಂಗ ನಗಾಕತ್ತಾಳ. ಅವರವ್ವ ಹೋದಾಗಿಂದ ಈ ಮನ್ಯಾಗ ಆಕಿ ನಕ್ಕಿದ್ದಿಲ್ರಿ. ಗೋಡಿ ನೋಡ್ಕೊಂತ ಕುಂದ್ರತಿದ್ಲು. ನಾ ಆಕಿನ್ನ ಕಳಸ್ತೀನ್ರಿ. ಕಾರು ತಂಪಾಗ್ಯಾದ, ನೋಡೀನಿ. ಗಾಜಿನ ಹೊರಗೆಲ್ಲ ಮಂಜು ಕಟ್ಟಿತ್ತು. ನಾಳಿ ಬರ್ಲಿ. ಬಾಗ್ಲೊಂದು ತೆಗ್ಯಾಕ ಹೇಳ್ರಿ."

ತಿಪ್ಪವ್ವ ಫೋನ್ ಇಟ್ಟಳು. ಕಾರಿನ ಹತ್ತಿರ ಹೋದಳು. ಗಾಜಿಗೆ ಬಾಯಿ ಹಚ್ಚಿ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನಾಳಿ ಮತ್ತ ಹೋಗು. ತಂಪು ಹೋದ್ರ ಹೋಗ್ಲಿ. ನಾಳಿ ನೀ ಬಾಗ್ಲು ಹಾಕಽ ಬ್ಯಾಡ. ಹಾಕಿದಿ ಅಂದ್ರ ನಾ ನಿನ್ನ ತಾಯಲ್ಲ."

"ಹಾಕಂಗಿಲ್ಲವ್ವ," ಅಂದ ಹುಲುಗಪ್ಪ. ಚಿಲಕ ತೆಗೆದು ಇಳಿದ.

ಮಾರನೇ ಬೆಳಿಗ್ಗೆ ಸಿರುಗುಪ್ಪದ ರಸ್ತೆಯಲ್ಲಿ ಹೋಗುವವರು, ಬರುವವರು ನಿಂತು ನೋಡಿದರು. ಒಂದು ಬಿಳೀ ಕಾರು. ನಾಲ್ಕೂ ಬಾಗಿಲು ತೆರೆದಿವೆ. ಮುಚ್ಚದ ಹಾಗೆ ಹಗ್ಗ ಹಾಕಿ ಬಿಗಿದಿದೆ. ಹಾರಲಾರದ ಕೊಕ್ಕರೆ ಹಾಗೆ ರೆಕ್ಕೆ ಬಿಚ್ಚಿಕೊಂಡು ಮೆಲ್ಲಗೆ ಬರುತ್ತಿದೆ. ಲಾರಿಯವರು ಹಾರನ್ ಹೊಡೆದು ಪಕ್ಕಕ್ಕೆ ಸರಿದರು. ಒಬ್ಬ ಕುರಿಯವನು, "ಬಾಗ್ಲು ಹಾಕೋ ಮಾರಾಯ," ಅಂತ ಕೂಗಿದ.

"ಹಾಕಬಾರದು," ಅಂದ ಹುಲುಗಪ್ಪ.

ಬೀಗರ ಮನೆ ಮುಂದೆ ನಿಲ್ಲಿಸಿದ. ಎಸಿ ಜೋರಾಗಿ ಓಡುತ್ತಿತ್ತು. ಸೀಟಿನ ಮೇಲೆ ದಾರಿಯ ಧೂಳೆಲ್ಲ ಕೂತಿತ್ತು. ಶಶಿ ಉಡಿ ಹಿಡಿದುಕೊಂಡು ಬಂದಳು. ಕಾರು ನೋಡಿದಳು. ತುಟಿ ಕಚ್ಚಿಕೊಂಡಳು.

"ಅಪ್ಪಾ, ಬಾಗ್ಲು ಹಾಕೂಣೇನು?"

"ನಾ ಹಾಕಂಗಿಲ್ಲವ್ವ. ಅಜ್ಜಿ ಬ್ಯಾಡಂದಾಳ."

"ನಿನಗಂದಾಳ. ನನಗಂದಿಲ್ಲ," ಅಂದಳು ಶಶಿ.

ಹಗ್ಗ ಬಿಚ್ಚಿದಳು. ಸೀಟು ಒರೆಸಿದಳು. ಸುತ್ತ ಬಂದು ಎರಡು ಬಾಗಿಲು ಹಾಕಿದಳು. ಹಿಂದೆ ಹತ್ತಿ ಕೂತು ಮೂರನೆಯದನ್ನೂ ಎಳೆದುಕೊಂಡಳು. ಡ್ರೈವರ್ ಬಾಗಿಲು ಕೂತ ಮೇಲೆ ನೆನಪಾಯಿತು, ಅಲ್ಲಿಗೆ ಅವಳ ಕೈ ಮುಟ್ಟಲಿಲ್ಲ. ಹೊಟ್ಟೆ ಅಡ್ಡ ಬಂತು.

ಶರಣಮ್ಮ ಕೈ ಬೀಸಿದಳು. ಹುಲುಗಪ್ಪ ಹೊರಟ. ತನ್ನ ಬಾಗಿಲು ತೆರೆದಿತ್ತು. ಬಲಗಡೆ ಮೈಗೆಲ್ಲ ಬಿಸಿಲು. ಗಾಳಿಯ ಕಿಂಡಿಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುಗಿಸಿದ. ಸ್ವಲ್ಪ ದೂರ ಹೋಗುವುದರೊಳಗೆ ಶಶಿಗೆ ನಿದ್ದೆ ಹತ್ತಿತು. ಅವನು ಬಾಗಿಲು ತೆರೆದುಕೊಂಡೇ, ಬೆವರು ಒರೆಸಿಕೊಳ್ಳುತ್ತ, ರಸ್ತೆಯಲ್ಲಿ ತಗ್ಗುಗುಂಡಿ ಬಂದಲ್ಲೆಲ್ಲ ಕಾರು ನಿಲ್ಲಿಸಿ ನಿಲ್ಲಿಸಿ, ಊರಿನ ಕಡೆ ಹೊಡೆದ.